ಚೀನಾದಲ್ಲಿ ಇಂಗ್ಲಿಷ್ ಕಲಿಸಲು ಟೀಚರ್ ಟ್ರೈನಿಂಗ್ ಬೇಕಾ? ಮಗಳಿಗೆ ಕೆಲಸ ಬಂದಿದೆ, ತಿಳಿದವರು ಹೇಳಿ

ಲೆಸ್ಟರ್‌ನ ತಿಪಟೂರಮ್ಮ

ಎಲ್ಲರಿಗೂ ನಮಸ್ಕಾರ. ನಾವು ತಿಪಟೂರು ಕಡೆಯವರು. ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು 24 ವರ್ಷವಾಯಿತು. ಮಗಳು ಇಲ್ಲೇ ಹುಟ್ಟಿದವಳು, ಬ್ರಿಟಿಷ್ ಪಾಸ್‌ಪೋರ್ಟ್ ಇದೆ. ಈ ಬೇಸಿಗೆಯಲ್ಲಿ ಭೂಗೋಳದಲ್ಲಿ ಡಿಗ್ರಿ ಮುಗಿಸಿದಳು. ಚೀನಾದ ಚೆಂಗ್ಡುವಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಒಂದು ಟ್ಯೂಷನ್ ಸೆಂಟರ್‌ನವರು ಕೆಲಸ ಕೊಡುತ್ತೇವೆ ಅಂದಿದ್ದಾರೆ. ಅರ್ಧ ಗಂಟೆ ವಿಡಿಯೋದಲ್ಲಿ ಮಾತಾಡಿದರು, ಅಷ್ಟೇ. ಒಂದು ಪಾಠ ಮಾಡಿ ತೋರಿಸು ಅಂತಲೂ ಕೇಳಲಿಲ್ಲ.

ನನ್ನ ತಂದೆ ಟಿ.ಸಿ.ಎಚ್. ಮಾಡಿ 35 ವರ್ಷ ಪ್ರೈಮರಿ ಮೇಷ್ಟ್ರಾಗಿದ್ದವರು. ನಾಳೆಯ ಪಾಠವನ್ನು ಇವತ್ತು ರಾತ್ರಿ ಬರೆದುಕೊಳ್ಳದೆ ಮಲಗಿದ್ದನ್ನು ನಾನು ನೋಡಿಲ್ಲ. ಹಾಗಾಗಿ ನನಗೆ ಸಮಾಧಾನವಿಲ್ಲ. ಎರಡು ಪ್ರಶ್ನೆ ಇದೆ. ಚೀನಾದ ಕಾನೂನಿನ ಪ್ರಕಾರ ಅವಳಿಗೆ ಟೀಚರ್ ಟ್ರೈನಿಂಗ್ ಬೇಕಾ? ಕಾನೂನು ಬೇಡ ಅಂದರೂ, ನಿಜವಾಗಿ ಬೇಕಾ?

ಷೆನ್‌ಝೆನ್ ಗಣಿತ ಮೇಷ್ಟ್ರು

ಮೇಡಂ, ನಾನು ಇಲ್ಲಿ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ 6 ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಮೊದಲ ಪ್ರಶ್ನೆಗೆ ಉತ್ತರ ಹೇಳುತ್ತೇನೆ.

ಮೊದಲು ಇಲ್ಲಿ ಎರಡು ಥರದ ಪತ್ರ ಇತ್ತು. ವಿದೇಶಿ ತಜ್ಞರ ಪತ್ರ ಒಂದು, ಉದ್ಯೋಗ ಪರವಾನಗಿ ಇನ್ನೊಂದು. 2017ರ ಏಪ್ರಿಲ್ 1ರಿಂದ ಎರಡನ್ನೂ ಸೇರಿಸಿ ದೇಶಕ್ಕೆಲ್ಲ ಒಂದೇ ವರ್ಕ್ ಪರ್ಮಿಟ್ ಮಾಡಿದರು. ಎ, ಬಿ, ಸಿ ಅಂತ ಮೂರು ದರ್ಜೆ. ಭಾಷೆ ಕಲಿಸುವವರು ಸಾಮಾನ್ಯವಾಗಿ ಬಿ ದರ್ಜೆಗೆ ಬರುತ್ತಾರೆ. ಅವರಿಗೆ ಒಂದು ಡಿಗ್ರಿ ಇರಬೇಕು, ಅದು ಯಾವ ವಿಷಯದ್ದಾದರೂ ಆಗುತ್ತದೆ. ಕಲಿಸುವ ಭಾಷೆ ತಮ್ಮ ದೇಶದ ಮಾತೃಭಾಷೆ ಆಗಿರಬೇಕು. ಜೊತೆಗೆ ಭಾಷೆ ಕಲಿಸಿದ 2 ವರ್ಷದ ಅನುಭವ ಬೇಕು.

ಅನುಭವ ಇಲ್ಲದವರಿಗೆ ದಾರಿ ಇದೆ. ಶಿಕ್ಷಣ ಅಥವಾ ಭಾಷೆಯಲ್ಲೇ ಡಿಗ್ರಿ ಮಾಡಿದ್ದರೆ, ತಮ್ಮ ದೇಶದ ಟೀಚರ್ ಲೈಸೆನ್ಸ್ ಇದ್ದರೆ, ಇಲ್ಲವೇ ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವ ತರಬೇತಿಯ ಟೆಫಲ್, ಟೆಸಾಲ್, ಸೆಲ್ಟಾ ಥರದ ಸರ್ಟಿಫಿಕೇಟ್ ಇದ್ದರೆ ಆ 2 ವರ್ಷ ಬಿಟ್ಟುಬಿಡುತ್ತಾರೆ. ನಿಮ್ಮ ಮಗಳದು ಭೂಗೋಳ, ಅನುಭವ ಇಲ್ಲ. ಅಂದರೆ ಅವಳಿಗೆ ಉಳಿದಿರುವುದು ಸರ್ಟಿಫಿಕೇಟ್ ದಾರಿ ಮಾತ್ರ. ಸಾಮಾನ್ಯವಾಗಿ 120 ಗಂಟೆಯದ್ದು ಕೇಳುತ್ತಾರೆ. ಬಿ.ಎಡ್. ಥರದ್ದು ಬೇಕಿಲ್ಲ.

ನನ್ನಂಥ ಸ್ಕೂಲುಗಳ ಕಥೆ ಬೇರೆ. ಇಲ್ಲಿ ಇಂಗ್ಲಿಷ್ ಟೀಚರ್‌ಗೂ ತಮ್ಮ ದೇಶದ ಪೂರ್ತಿ ಶಿಕ್ಷಕ ಅರ್ಹತೆ ಕೇಳುತ್ತಾರೆ. ಬ್ರಿಟನ್ನಿನವರಾದರೆ ಪಿ.ಜಿ.ಸಿ.ಇ. ಅನ್ನುತ್ತಾರಲ್ಲ, ಅದು. ನನಗೆ ಎಂ.ಎಸ್ಸಿ., ಬಿ.ಎಡ್. ಮತ್ತು ಅನುಭವ ಕೇಳಿದರು. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದು ಗಣಿತಕ್ಕೆ ಅಡ್ಡ ಬರಲಿಲ್ಲ.

ಹುಣಸೂರಿನವಳು

ಈ ವಿಷಯ ನೋಡಿ ಸುಮ್ಮನೆ ಇರಲಾಗಲಿಲ್ಲ.

ನಾನು ಗುವಾಂಗ್‌ಝೌನಲ್ಲಿದ್ದೇನೆ. ಯಜಮಾನರ ಕೆಲಸದ ಮೇಲೆ ಬಂದಿದ್ದು. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ., ಬಿ.ಎಡ್. ಮಾಡಿ 11 ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೇನೆ. ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಓದಿಸಿ, ಬರೆಸಿ, ಮಾತಾಡಿಸಿ ಪಾಸು ಮಾಡಿಸಿದವಳು. ಇಲ್ಲಿ ನಾಲ್ಕು ಕಡೆ ಕೇಳಿದೆ. ನಾಲ್ಕು ಕಡೆಯೂ ಮೊದಲ ಪ್ರಶ್ನೆ ಒಂದೇ, ಯಾವ ಪಾಸ್‌ಪೋರ್ಟ್? ಭಾರತ ಅಂದ ತಕ್ಷಣ ಮಾತು ಮುಗಿಯಿತು. ಸರ್ಟಿಫಿಕೇಟ್ ತೆಗೆದು ತೋರಿಸುವ ಹೊತ್ತೂ ಬರಲಿಲ್ಲ.

ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಕೆಲಸದ ಜಾಹೀರಾತಿನಲ್ಲಿ ಈ 7 ದೇಶದವರೇ ಬೇಕು ಅಂತ ಬರೆದಿರುತ್ತಾರೆ. ತಿಪಟೂರಮ್ಮ ಅವರೇ, ನಿಮ್ಮ ಮಗಳ ಮೇಲೆ ನನಗೆ ಒಂದು ಚೂರೂ ಬೇಸರವಿಲ್ಲ. ಅವಳು ಚೆನ್ನಾಗಿರಲಿ. ಆದರೆ ಪಾಠವನ್ನೇ ಮಾಡದ ಹುಡುಗಿಗೆ ಬಾಗಿಲು ತೆರೆದಿದೆ, 11 ವರ್ಷ ಮಾಡಿದವಳಿಗೆ ಮುಚ್ಚಿದೆ. ಹಾಗಾದರೆ ಇಲ್ಲಿ ಅರ್ಹತೆ ಅಂದರೆ ಏನು? ಹುಟ್ಟಿದ ಜಾಗವಾ?

ಲಾನ್‌ಝೌ ನೆನಪು

ನಾನು ಸ್ವಲ್ಪ ಬೇರೆ ಮಾತು ಹೇಳಬೇಕು. ಹುಣಸೂರಿನ ಅಕ್ಕನಿಗೆ ಆದದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಟ್ರೈನಿಂಗ್ ಇಲ್ಲದೆ ಹೋಗಲೇಬಾರದು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ನನ್ನದು ಕೆನಡಾ ಪಾಸ್‌ಪೋರ್ಟ್, ಓದಿದ್ದು ಎಂಜಿನಿಯರಿಂಗ್. 2009ರಲ್ಲಿ ಲಾನ್‌ಝೌಗೆ ಹೋದೆ. ಹಳದಿ ನದಿ ಊರಿನ ನಡುವೆಯೇ ಹರಿಯುತ್ತದೆ. ಅಲ್ಲಿ ಒಂದು ಕಾಲೇಜಿನಲ್ಲಿ 3 ವರ್ಷ ಇಂಗ್ಲಿಷ್ ಮಾತುಗಾರಿಕೆ ಕಲಿಸಿದೆ. ಆಗ ನಿಯಮವನ್ನು ಒಂದೊಂದು ಪ್ರಾಂತ್ಯದಲ್ಲಿ ಒಂದೊಂದು ಥರ ನೋಡುತ್ತಿದ್ದರು. ನನ್ನ ಹತ್ತಿರ ಕಲಿಸುವ ಸರ್ಟಿಫಿಕೇಟ್ ಯಾವುದೂ ಇರಲಿಲ್ಲ.

ಚೀನಾದ ಕಾಲೇಜುಗಳಲ್ಲಿ ಕೆಲಸ ಹಂಚಿಕೊಂಡಿರುತ್ತಾರೆ. ವ್ಯಾಕರಣ, ಓದು, ಪರೀಕ್ಷೆಯ ತಯಾರಿ ಎಲ್ಲ ಚೀನೀ ಅಧ್ಯಾಪಕರದು. ಅವರು ಅದರಲ್ಲಿ ಬಹಳ ಗಟ್ಟಿ. ಹೊರಗಿನಿಂದ ಬಂದ ಮೇಷ್ಟ್ರನ್ನು 'ವಾಯ್‌ಜ್ಯಾವ್' ಅನ್ನುತ್ತಾರೆ. ಆ ವಾಯ್‌ಜ್ಯಾವ್ ಕೆಲಸ ಹುಡುಗರ ಬಾಯಿ ಬಿಡಿಸುವುದು. ಅವರು ಮೂರನೇ ಕ್ಲಾಸಿನಿಂದ ಇಂಗ್ಲಿಷ್ ಓದಿರುತ್ತಾರೆ, ಸಾವಿರಾರು ಪದ ಬರುತ್ತದೆ, ಆದರೆ ಒಬ್ಬ ಪರಕೀಯನ ಎದುರು ನಾಲ್ಕು ಮಾತು ಆಡಿರುವುದಿಲ್ಲ. ಗಾವ್‌ಕಾವ್ ಅನ್ನುವ ಅವರ ದೊಡ್ಡ ಪರೀಕ್ಷೆಯಲ್ಲಿ ಇಂಗ್ಲಿಷ್‌ಗೆ 150 ಅಂಕ. ಹೆಚ್ಚಿನ ಪ್ರಾಂತ್ಯಗಳಲ್ಲಿ ಅದರಲ್ಲಿ ಮಾತಿಗೆ ಅಂಕವೇ ಇಲ್ಲ. ಹಾಗಿರುವಾಗ ಮಾತು ಯಾಕೆ ಕಲಿಯುತ್ತಾರೆ ಹೇಳಿ.

ಗುರುವಾರ ಸಂಜೆ ಇಂಗ್ಲಿಷ್ ಕಾರ್ನರ್ ನಡೆಸುತ್ತಿದ್ದೆವು. ಮೈದಾನದಲ್ಲಿ ನಿಂತು ಹರಟುವುದು. ಗಾನ್ಸು ಪ್ರಾಂತ್ಯದ ಹಳ್ಳಿಯಿಂದ ಬಂದ ಒಬ್ಬ ಹುಡುಗ ಎರಡು ತಿಂಗಳು ಬಂದು ಸುಮ್ಮನೆ ನಿಂತು ಹೋಗುತ್ತಿದ್ದ. ಒಂದು ದಿನ ಅವರ ಮನೆಯ ಕುರಿಗಳ ಬಗ್ಗೆ ಹದಿನೈದು ನಿಮಿಷ ಮಾತಾಡಿದ. ನಾನೂ ಕುರಿ ಕಾಯುವವರ ಊರಿನವನು, ಚಿತ್ರದುರ್ಗ ಜಿಲ್ಲೆ. ಅದಕ್ಕೇ ಅವನಿಗೆ ಸಲುಗೆ ಬಂತು. ಅದನ್ನು ಯಾವ ಬಿ.ಎಡ್. ಕಲಿಸುತ್ತದೆ?

ನಿವೃತ್ತ ಟೀಚರ್, ಕಡೂರು

ಲಾನ್‌ಝೌ ಸರ್, ನಿಮ್ಮ ಕುರಿಯ ಕಥೆ ಓದಿ ಸಂತೋಷವಾಯಿತು. ಆದರೆ ಒಂದು ಕೇಳಲಾ? ಆ ಹುಡುಗ ಇಂಗ್ಲಿಷ್ ಮೊದಲೇ ಕಲಿತಿದ್ದ. 18 ದಾಟಿದವನು. ತಾನಾಗಿ ನಿಮ್ಮ ಹತ್ತಿರ ಬಂದವನು. ತಿಪಟೂರಮ್ಮನ ಮಗಳ ಮುಂದೆ ಕೂರುವ ಮಗು 6 ವರ್ಷದ್ದು. ಅದಕ್ಕೆ ಇಂಗ್ಲಿಷ್ ಬರುವುದಿಲ್ಲ, ಈ ಹುಡುಗಿಗೆ ಚೀನೀ ಭಾಷೆ ಬರುವುದಿಲ್ಲ. ಎರಡೂ ಒಂದೇ ಕೆಲಸ ಅಲ್ಲ.

ನಾನು 31 ವರ್ಷ ಇಂಗ್ಲಿಷ್ ಕಲಿಸಿದವಳು. ಕೆಲಸಕ್ಕೆ ಸೇರಿ ಎಂಟು ವರ್ಷವಾದ ಮೇಲೆ ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ತರಬೇತಿಗೆ ಹೋದೆ. 1963ರಲ್ಲಿ ಶುರುವಾದ ಸಂಸ್ಥೆ ಅದು, ದಕ್ಷಿಣದ ರಾಜ್ಯಗಳ ಟೀಚರುಗಳಿಗಾಗಿಯೇ ಇರುವುದು. ಎಂಟು ವರ್ಷ ಪಾಠ ಮಾಡಿದವಳಿಗೆ ಇನ್ನೇನು ಕಲಿಸುತ್ತಾರೆ ಅಂದುಕೊಂಡಿದ್ದೆ. ಮೊದಲ ವಾರದಲ್ಲೇ ಒಂದು ವಿಷಯ ತಲೆಗೆ ಹೋಯಿತು. 'ಅರ್ಥ ಆಯ್ತಾ?' ಅಂತ ಕೇಳಬಾರದು. ಕೇಳಿದರೆ ಎಲ್ಲ ಮಕ್ಕಳೂ ಹೂಂ ಅನ್ನುತ್ತಾರೆ. ಅರ್ಥ ಆಗಿದೆಯೋ ಇಲ್ಲವೋ ತಿಳಿಯುವ ಹಾಗೆ ಒಂದು ಕೆಲಸ ಕೊಡಬೇಕು. 'ನಿನ್ನೆ ಹೋದೆ' ಅಂತ ಹೇಳಿಕೊಟ್ಟಿದ್ದರೆ, ಈಗ ಅವನು ಅಲ್ಲೇ ಇದ್ದಾನಾ ಅಂತ ಕೇಳಬೇಕು. ಎಷ್ಟು ಸಣ್ಣ ವಿಷಯ, ಅಲ್ವಾ? ಎಂಟು ವರ್ಷ ನನಗೆ ಅದು ಹೊಳೆದಿರಲಿಲ್ಲ.

ಇನ್ನೊಂದು. ನಮ್ಮ ಮಕ್ಕಳು ಬಸ್ಸು, ಕಾರು, ಪೆನ್ನು ಅನ್ನುತ್ತಾರೆ. ಕನ್ನಡದಲ್ಲಿ ಪದ ಸ್ವರದಲ್ಲಿ ಮುಗಿಯುತ್ತದೆ, ಅದಕ್ಕೆ. ಇದು ಗೊತ್ತಿರುವ ಟೀಚರ್ ಮಗುವನ್ನು ದಡ್ಡ ಅನ್ನುವುದಿಲ್ಲ. ಚೀನೀ ಮಕ್ಕಳಿಗೂ ಇಂಥದ್ದು ಇದ್ದೇ ಇರುತ್ತದೆ. ಅದನ್ನು ಹುಡುಕಿಕೊಳ್ಳುವುದು ಹೇಗೆ ಅನ್ನುವುದೇ ತರಬೇತಿ. ಇಂಗ್ಲಿಷ್ ಮನೆಮಾತಾದರೆ ಸಾಲದು. ನನಗೆ ಕನ್ನಡ ಮನೆಮಾತು. ಆದರೆ ಒಬ್ಬ ಚೀನೀ ಮಗುವಿಗೆ ಕನ್ನಡದ ವಿಭಕ್ತಿ ಕಲಿಸು ಅಂದರೆ ಎಲ್ಲಿಂದ ಶುರು ಮಾಡಲಿ?

ಹುಣಸೂರಿನವಳು

ಕಡೂರು ಮೇಡಂ, ಚೀನೀ ಮಕ್ಕಳಿಗೆ ಖಂಡಿತ ಇದೆ. ಅವರ ಮಾತಿನಲ್ಲಿ ಅವನು, ಅವಳು, ಅದು ಎಲ್ಲಕ್ಕೂ 'ತಾ' ಅನ್ನುತ್ತಾರೆ. ಬರೆಯುವಾಗ ಅಕ್ಷರ ಬೇರೆ, ಮಾತಿನಲ್ಲಿ ಒಂದೇ. ಹಾಗಾಗಿ ಚೆನ್ನಾಗಿ ಇಂಗ್ಲಿಷ್ ಬರುವ ದೊಡ್ಡವರೂ ಅಮ್ಮನನ್ನು 'ಹಿ' ಅನ್ನುತ್ತಾರೆ. ಕ್ರಿಯಾಪದಕ್ಕೆ ಕಾಲದ ಪ್ರಕಾರ ರೂಪ ಬದಲಾಗುವುದಿಲ್ಲ. 'ನಿನ್ನೆ' ಅಂತ ಒಂದು ಪದ ಸೇರಿಸಿದರೆ ಮುಗಿಯಿತು. ಪಕ್ಕದ ಮನೆಯ ಹುಡುಗಿಗೆ ನಾನು ಕನ್ನಡದ ಥರ ಕೈ ಹಿಡಿದು ತೋರಿಸಿದೆ, ಇದು ಹೋಗು, ಇದು ಹೋದ, ಇದು ಹೋದಳು ಅಂತ. ಒಂದು ಪದ ಹೀಗೆಲ್ಲ ಬದಲಾಗುತ್ತದಾ ಅಂತ ಕಣ್ಣರಳಿಸಿದಳು. ಸ್ನೇಹಕ್ಕೆ ಕಲಿಸಿದ್ದು, ದುಡ್ಡಿಗಲ್ಲ.

ಶಿರಸಿಯಿಂದ ಸುಝೌಗೆ

ಪೋಷಕಿಯಾಗಿ ನನ್ನ ಅನುಭವ ಹೇಳುತ್ತೇನೆ. ಮಗ ಇಲ್ಲಿ ಎರಡು ಭಾಷೆಯ ಶಿಶುವಿಹಾರಕ್ಕೆ ಹೋಗುತ್ತಿದ್ದ. ಒಂದೇ ವರ್ಷದಲ್ಲಿ ಮೂರು ವಾಯ್‌ಜ್ಯಾವ್ ಬದಲಾದರು. ಮೊದಲನೆಯವನಿಗೆ 23 ವರ್ಷ ಇರಬಹುದು, ಒಳ್ಳೆಯ ಹುಡುಗ, ಮಕ್ಕಳೆಂದರೆ ಪ್ರೀತಿ. ಆದರೆ ಪಾಠ ಅಂದರೆ ಚಿತ್ರದ ಕಾರ್ಡ್ ತೋರಿಸಿ ಕೂಗಿಸುವುದು, ಉಳಿದ ಹೊತ್ತು ಕಾರ್ಟೂನ್. ನನ್ನ ಮಗ ಬಣ್ಣಗಳ ಹೆಸರನ್ನು ಆರು ತಿಂಗಳು ಕಲಿತ. ಅವನಿಗೆ ಬಣ್ಣ ಮೊದಲೇ ಬರುತ್ತಿತ್ತು!

ತರಗತಿಯನ್ನು ನಿಜವಾಗಿ ನಡೆಸುತ್ತಿದ್ದವರು ಚೀನೀ ಸಹಾಯಕ ಟೀಚರ್. ಮಕ್ಕಳನ್ನು ಕೂರಿಸುವುದು, ಅಳುವವರನ್ನು ಸಮಾಧಾನ ಮಾಡುವುದು, ಮನೆಗೆ ಏನು ಹೇಳಿಕೊಟ್ಟೆವು ಅಂತ ಬರೆದು ಕಳಿಸುವುದು ಎಲ್ಲ ಅವರೇ. ಅವರಿಗೆ ಸರ್ಕಾರದ ಶಿಕ್ಷಕ ಅರ್ಹತಾ ಪತ್ರ ಇತ್ತು. ಚೀನಾದಲ್ಲಿ ಅವರ ಟೀಚರುಗಳಿಗೆ ಅದು ಕಡ್ಡಾಯ. ಲಿಖಿತ ಪರೀಕ್ಷೆ, ಸಂದರ್ಶನ, ಸ್ಪಷ್ಟವಾದ ಚೀನೀ ಮಾತಿನ ಪರೀಕ್ಷೆ ಎಲ್ಲ ದಾಟಬೇಕು. ಸಂಬಳ ಮಾತ್ರ ಆ ಹುಡುಗನ ಅರ್ಧವೂ ಇಲ್ಲ. ಅದನ್ನು ಅವರೇ ನನ್ನ ಹತ್ತಿರ ಹೇಳಿಕೊಂಡರು. ನನಗೆ ತುಂಬಾ ನೋವಾಯಿತು.

ಷೆನ್‌ಝೆನ್ ಗಣಿತ ಮೇಷ್ಟ್ರು

ಹೌದು. ಚೀನಾದ 1993ರ ಶಿಕ್ಷಕರ ಕಾನೂನಿನಲ್ಲೇ ಆ ಅರ್ಹತಾ ಪದ್ಧತಿ ಇದೆ. ಆದರೆ ಆ ಪತ್ರ ಚೀನೀ ನಾಗರಿಕರಿಗೆ. ಹೊರಗಿನವರು ಬೇಕೆಂದರೂ ಆ ಪರೀಕ್ಷೆ ಬರೆಯುವಂತಿಲ್ಲ. ಹಾಗಾಗಿ ವಿದೇಶಿ ಮೇಷ್ಟ್ರನ್ನು ಅಳೆಯಲು ಅವರ ಹತ್ತಿರ ಉಳಿದಿರುವುದು ಡಿಗ್ರಿ, ಪಾಸ್‌ಪೋರ್ಟ್, ಮತ್ತೆ ಆ 120 ಗಂಟೆಯ ಕಾಗದ. 2020ರಲ್ಲಿ ಶಿಕ್ಷಣ ಸಚಿವಾಲಯ ವಿದೇಶಿ ಟೀಚರುಗಳ ನೇಮಕದ ಬಗ್ಗೆ ಹೊಸ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತ್ತು. ಅವರಿಗೂ ಇದು ತಲೆನೋವಾಗಿದೆ ಅಂತ ಅದರಿಂದಲೇ ಗೊತ್ತಾಗುತ್ತದೆ.

ತಿಪಟೂರಮ್ಮ ಮೇಡಂ, ಒಂದು ಮುಖ್ಯ ವಿಷಯ. ಆ ಸೆಂಟರ್‌ನಲ್ಲಿ ಎಷ್ಟು ವಯಸ್ಸಿನ ಮಕ್ಕಳು, ವಾರದ ಯಾವ ದಿನ ಕ್ಲಾಸು? ಕೇಳಿ ತಿಳಿಸುತ್ತೀರಾ?

ಲೆಸ್ಟರ್‌ನ ತಿಪಟೂರಮ್ಮ

ಕೇಳಿದೆ ಸರ್. 4ರಿಂದ 10 ವರ್ಷದ ಮಕ್ಕಳು. ಬುಧವಾರದಿಂದ ಶುಕ್ರವಾರ ಸಂಜೆ, ಶನಿವಾರ ಭಾನುವಾರ ಇಡೀ ದಿನ. ಸರ್ಟಿಫಿಕೇಟ್ ಬಗ್ಗೆ ಕೇಳಿದ್ದಕ್ಕೆ 'ಅದನ್ನು ನಾವೇ ಮಾಡಿಸಿಕೊಡುತ್ತೇವೆ, ಮೊದಲು ಬಿಸಿನೆಸ್ ವೀಸಾದಲ್ಲಿ ಬಾ' ಅಂದರಂತೆ.

ಷೆನ್‌ಝೆನ್ ಗಣಿತ ಮೇಷ್ಟ್ರು

ದಯವಿಟ್ಟು ಬೇಡ ಅನ್ನಿ ಮೇಡಂ. ಇದು ಟ್ರೈನಿಂಗ್ ಪ್ರಶ್ನೆಗಿಂತ ಮೊದಲಿನ ಪ್ರಶ್ನೆ.

ಕೆಲಸ ಮಾಡಲು ಝಡ್ ವೀಸಾ ಬೇಕು. ಸೆಂಟರ್‌ನವರು ಮೊದಲು ವರ್ಕ್ ಪರ್ಮಿಟ್‌ನ ಸೂಚನಾ ಪತ್ರ ತೆಗೆಸಿ ಕಳಿಸಬೇಕು. ಅದನ್ನು ಹಿಡಿದು ಅವಳು ಇಂಗ್ಲೆಂಡಿನಲ್ಲೇ ಝಡ್ ವೀಸಾ ಮಾಡಿಸಬೇಕು. ಚೀನಾಕ್ಕೆ ಬಂದ 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಬೇರೆ ವೀಸಾದಲ್ಲಿ ಬಂದು ಪಾಠ ಮಾಡಿದರೆ ಕಾನೂನು ಮುರಿದ ಹಾಗೆ. ಸಿಕ್ಕಿಬೀಳುವವಳು ನಿಮ್ಮ ಮಗಳು.

ಇನ್ನೊಂದು, 2021ರ ಜುಲೈನಲ್ಲಿ 'ಶ್ವಾಂಗ್ ಜ್ಯೆನ್' ಅಂತ ನೀತಿ ಬಂತು. ಎರಡು ಹೊರೆ ಇಳಿಸುವುದು ಅಂತ ಅರ್ಥ. ಹೋಂವರ್ಕ್ ಒಂದು ಹೊರೆ, ಟ್ಯೂಷನ್ ಇನ್ನೊಂದು. 1ರಿಂದ 9ನೇ ತರಗತಿಯ ಮಕ್ಕಳಿಗೆ ಶಾಲೆಯ ವಿಷಯಗಳ ಟ್ಯೂಷನ್‌ನಲ್ಲಿ ಲಾಭ ಮಾಡುವಂತಿಲ್ಲ. ಶನಿವಾರ ಭಾನುವಾರ, ಹಬ್ಬ, ಬೇಸಿಗೆ ಚಳಿಗಾಲದ ರಜೆಯಲ್ಲಿ ಅಂಥ ಕ್ಲಾಸು ನಡೆಸುವಂತಿಲ್ಲ. ಶಾಲೆಗೆ ಸೇರದ ಪುಟ್ಟ ಮಕ್ಕಳಿಗೆ ವಿದೇಶಿ ಭಾಷೆಯ ಟ್ಯೂಷನ್ನೇ ಇಲ್ಲ. ಬೇರೆ ದೇಶದಲ್ಲಿ ಕೂತ ಟೀಚರ್‌ನಿಂದ ಆನ್‌ಲೈನ್ ಪಾಠವೂ ನಿಂತಿತು. ವಿಐಪಿಕಿಡ್ ಅಂತ ಎಷ್ಟು ದೊಡ್ಡ ಕಂಪನಿ ಇತ್ತು. ಅದೂ ಆ ಆಗಸ್ಟ್‌ನಲ್ಲಿ ಹೊರದೇಶದ ಟೀಚರುಗಳ ಹೊಸ ಪಾಠ ಮಾರುವುದನ್ನು ನಿಲ್ಲಿಸಬೇಕಾಯಿತು. ಆಮೇಲೆ ಉಳಿದ ಸೆಂಟರ್‌ಗಳು ನಾಟಕ, ಭಾಷಣ ಅಂತ ಹೆಸರು ಬದಲಿಸಿಕೊಂಡಿವೆ. 4 ವರ್ಷದ ಮಕ್ಕಳಿಗೆ ಭಾನುವಾರ ಇಂಗ್ಲಿಷ್ ಅನ್ನುವ ಸೆಂಟರ್ ಯಾವ ಲೈಸೆನ್ಸ್ ಮೇಲೆ ನಡೆಯುತ್ತಿದೆ ಅಂತ ಕೇಳಲೇಬೇಕು.

ರಾಯಚೂರು ಡಾಕ್ಟರ್

ನಾನು ಇದುವರೆಗೆ ಎಲ್ಲೂ ಹೇಳಿಕೊಂಡಿಲ್ಲ. ಈ ಹುಡುಗಿಗೋಸ್ಕರ ಹೇಳುತ್ತೇನೆ.

ಚೀನಾದಲ್ಲಿ ಎಂ.ಬಿ.ಬಿ.ಎಸ್. ಓದುವಾಗ ವೀಕೆಂಡ್‌ನಲ್ಲಿ ಒಂದು ಸೆಂಟರ್‌ನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಸ್ಟೂಡೆಂಟ್ ವೀಸಾ. ಅಪ್ಪ ಬಡ್ಡಿಗೆ ಸಾಲ ತಂದು ಫೀಸು ಕಟ್ಟಿದ್ದರು. ಅವರಿಗೆ ಸ್ವಲ್ಪ ಹಗುರಾಗಲಿ ಅಂತ ಹೋದೆ. 'ಪೋಷಕರು ಕೇಳಿದರೆ ಅಮೆರಿಕದವನು ಅನ್ನು' ಅಂದರು. ಹಾಗೇ ಹೇಳಿದೆ. ಪಾಠ ಹೇಗೆ ಮಾಡಬೇಕು ಅಂತ ಯಾರೂ ಹೇಳಿಕೊಡಲಿಲ್ಲ. ಹತ್ತು ಮಕ್ಕಳು ನನ್ನ ಮುಖ ನೋಡುತ್ತಾ ಕೂತಿರುತ್ತಿದ್ದರು.

ಒಂದು ಶನಿವಾರ ಪೊಲೀಸರು ಬಂದರು. 5,000 ಯುವಾನ್ ದಂಡ ಬಿತ್ತು. ಕಾನೂನಿನಲ್ಲಿ 5,000ದಿಂದ 20,000 ಯುವಾನ್ ದಂಡ ಇದೆ, ಪ್ರಕರಣ ದೊಡ್ಡದಾದರೆ 5ರಿಂದ 15 ದಿನ ಕೂಡಿಯೂ ಹಾಕಬಹುದು. ಕಾಲೇಜಿನಿಂದ ಹೊರಗೆ ಹಾಕುತ್ತಾರೇನೋ ಅಂತ ಎರಡು ವಾರ ನಿದ್ದೆ ಬರಲಿಲ್ಲ. ಸೆಂಟರ್‌ನವರು ಫೋನ್ ಎತ್ತಲಿಲ್ಲ. ತಂಗೀ, ಬಿಸಿನೆಸ್ ವೀಸಾದಲ್ಲಿ ಮಾತ್ರ ಹೋಗಬೇಡ.

ಲಾನ್‌ಝೌ ನೆನಪು

ಡಾಕ್ಟ್ರೇ, ಹೇಳಿದ್ದಕ್ಕೆ ಧನ್ಯವಾದ. ಆ ವಯಸ್ಸಿನಲ್ಲಿ ಒಬ್ಬರೇ ಅದನ್ನು ಅನುಭವಿಸಿದ್ದೀರಿ.

ಕಡೂರು ಮೇಡಂ ಮಾತನ್ನು ಎರಡು ದಿನ ಯೋಚಿಸಿದೆ. ಒಂದು ವಿಷಯ ಬಿಟ್ಟು ಬರೆದಿದ್ದೆ. ನನ್ನ ಮೊದಲ ಸೆಮಿಸ್ಟರ್ ಪೂರ್ತಿ ನಾನೇ ಮಾತಾಡಿದ್ದು. 90 ನಿಮಿಷದಲ್ಲಿ 70 ನಿಮಿಷ ನನ್ನ ದನಿ. ಮಾತು ಕಲಿಯಲು ಬಂದ 45 ಹುಡುಗರು ಸುಮ್ಮನೆ ಕೂತಿದ್ದರು. ಜೋಡಿ ಮಾಡಿ ಮಾತಾಡಿಸು ಅಂತ ಹೇಳಿಕೊಟ್ಟಿದ್ದು ಪಕ್ಕದ ಕೋಣೆಯ ಚೀನೀ ಅಧ್ಯಾಪಕಿ. ಆ ಮೊದಲ 45 ಹುಡುಗರಿಗೆ ಸಿಗಬೇಕಾದ್ದು ಸಿಗಲಿಲ್ಲ. ಕಾಲೇಜಿಗೆ ಬಿ.ಎಡ್. ಬೇಡ ಅನ್ನುವುದನ್ನು ಈಗಲೂ ಹೇಳುತ್ತೇನೆ. ಆದರೆ ಏನೂ ಇಲ್ಲದೆ ಹೋಗಬಹುದು ಅನ್ನುವುದನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಮತ್ತೊಂದು ಮಾತು. ನನಗೆ ಕೆನಡಾ ಪಾಸ್‌ಪೋರ್ಟ್ ಇದ್ದರೂ ಏಜೆಂಟ್ ಮೊದಲು ಕೇಳಿದ್ದು ಫೋಟೋ. ಕಳಿಸಿದ ಮೇಲೆ ಎರಡು ಕಡೆಯಿಂದ ಉತ್ತರವೇ ಬರಲಿಲ್ಲ. ಮಗಳಿಗೆ ಇದನ್ನೂ ಮೊದಲೇ ಹೇಳಿಡಿ. ಅಂಥ ಕಡೆ ಅವಳು ತನ್ನಲ್ಲೇ ಏನೋ ಕಮ್ಮಿ ಅಂದುಕೊಳ್ಳಬಾರದು.

ನಿವೃತ್ತ ಟೀಚರ್, ಕಡೂರು

ಸರ್, ಅದನ್ನು ಒಪ್ಪಿ ಬರೆದಿರಲ್ಲ, ದೊಡ್ಡ ಮನಸ್ಸು. ಆ 120 ಗಂಟೆಯ ಸರ್ಟಿಫಿಕೇಟ್ ಬಗ್ಗೆ ಯಾರಾದರೂ ಬಿಡಿಸಿ ಹೇಳುತ್ತೀರಾ? ಅದರಲ್ಲಿ ಮಕ್ಕಳ ಮುಂದೆ ನಿಲ್ಲಿಸುತ್ತಾರಾ?

ಷೆನ್‌ಝೆನ್ ಗಣಿತ ಮೇಷ್ಟ್ರು

ಅಲ್ಲೇ ಇರುವುದು ವ್ಯತ್ಯಾಸ. ಎಷ್ಟೋ ಟೆಫಲ್ ಕೋರ್ಸುಗಳು ಪೂರ್ತಿ ಆನ್‌ಲೈನ್. ಓದಿ, ಗುರುತು ಹಾಕಿ, ಕಾಗದ ಇಳಿಸಿಕೊಳ್ಳುವುದು. ಒಬ್ಬ ವಿದ್ಯಾರ್ಥಿಯ ಮುಖವನ್ನೂ ನೋಡದೆ 120 ಗಂಟೆ ಮುಗಿಯುತ್ತದೆ. ಕೇಂಬ್ರಿಡ್ಜ್‌ನ ಸೆಲ್ಟಾ ಹಾಗಲ್ಲ. ಅದರಲ್ಲೂ 120 ಗಂಟೆಯೇ. ಆದರೆ 6 ಗಂಟೆ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಬೇಕು. ಹಿಂದೆ ಕೂತು ತರಬೇತುದಾರರು ನೋಡುತ್ತಾರೆ, ಆಮೇಲೆ ತಪ್ಪು ಹೇಳುತ್ತಾರೆ. ಟ್ರಿನಿಟಿ ಕಾಲೇಜ್ ಲಂಡನ್‌ನವರು ಕೊಡುವ ಇಂಥದ್ದೇ ಸರ್ಟಿಫಿಕೇಟೂ ಹಾಗೇ. ದಿನವಿಡೀ ಮಾಡಿದರೆ ಸುಮಾರು 4 ವಾರ. ಆನ್‌ಲೈನ್ ಕಾಗದಕ್ಕೂ ಇಂಥ ಕಾಗದಕ್ಕೂ ವರ್ಕ್ ಪರ್ಮಿಟ್‌ನಲ್ಲಿ ಒಂದೇ ಬೆಲೆ. ಮಕ್ಕಳಿಗೆ ಒಂದೇ ಅಲ್ಲ. ಸೆಲ್ಟಾ ಮುಖ್ಯವಾಗಿ ದೊಡ್ಡವರಿಗೆ ಕಲಿಸುವವರಿಗೆ ಮಾಡಿದ್ದು, ಅದೂ ಗೊತ್ತಿರಲಿ.

ಲೆಸ್ಟರ್‌ನ ತಿಪಟೂರಮ್ಮ

ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಅವಳಿಗೆ ಕನ್ನಡ ಮಾತು ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ರಾಯಚೂರು ಡಾಕ್ಟರ್ ಬರೆದದ್ದನ್ನು ಎರಡು ಸಲ ಓದಿಸಿಕೊಂಡಳು. ಹುಣಸೂರಿನ ಅಕ್ಕ ಬರೆದದ್ದು ಕೇಳಿ ತುಂಬಾ ಹೊತ್ತು ಮಾತಾಡಲಿಲ್ಲ.

ಆ ಸೆಂಟರ್‌ಗೆ ಬೇಡ ಅಂತ ಬರೆದಿದ್ದಾಳೆ. ಜನವರಿಯಲ್ಲಿ 4 ವಾರದ ಸೆಲ್ಟಾ ಮಾಡಿ, ಆಮೇಲೆ ಕಾಲೇಜುಗಳಲ್ಲಿ ಕೇಳುತ್ತಾಳಂತೆ. ಚಿಕ್ಕ ಮಕ್ಕಳಿಗೆ ಕಲಿಸುವಷ್ಟು ನನಗೆ ಇನ್ನೂ ಗೊತ್ತಿಲ್ಲ ಅಂದಳು. ಡಿಗ್ರಿ ಮತ್ತು ಪೊಲೀಸ್ ಪ್ರಮಾಣಪತ್ರಕ್ಕೆ ಏನು ಮಾಡಿಸಬೇಕು ಸರ್?

ಷೆನ್‌ಝೆನ್ ಗಣಿತ ಮೇಷ್ಟ್ರು

ಅವಳಿಗೆ ಈಗ ಸುಲಭ. 2023ರ ನವೆಂಬರ್ 7ರಿಂದ ಚೀನಾ ಅಪೊಸ್ಟೀಲ್ ಒಪ್ಪುತ್ತದೆ. ಅಂದರೆ ಕಾಗದ ಅಸಲಿ ಅಂತ ಅದನ್ನು ಕೊಟ್ಟ ದೇಶದ ಸರ್ಕಾರವೇ ಹಾಕುವ ಮುದ್ರೆ, ಒಂದು ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ. ಎರಡಕ್ಕೂ ಬ್ರಿಟನ್ ಸರ್ಕಾರದಿಂದ ಅಪೊಸ್ಟೀಲ್ ಮುದ್ರೆ ಹಾಕಿಸಿದರೆ ಸಾಕು, ಚೀನಾ ರಾಯಭಾರ ಕಚೇರಿಗೆ ಅಲೆಯುವುದು ಬೇಡ. ಭಾರತದ ಕಾಗದಕ್ಕೆ ಆ ಅನುಕೂಲ ಇಲ್ಲ. ಭಾರತ ಮತ್ತು ಚೀನಾ ನಡುವೆ ಆ ಒಪ್ಪಂದ ಜಾರಿಯಲ್ಲಿಲ್ಲ. ನಮಗೆ ಹಳೆಯ ದಾರಿಯೇ. ಕಾಂಟ್ರಾಕ್ಟ್‌ನಲ್ಲಿರುವ ಕಾಲೇಜಿನ ಹೆಸರೂ ವರ್ಕ್ ಪರ್ಮಿಟ್‌ನಲ್ಲಿರುವ ಹೆಸರೂ ಒಂದೇ ಇರಬೇಕು. ಅದನ್ನು ಮರೆಯದೆ ನೋಡಲಿ.

ಹುಣಸೂರಿನ ಮೇಡಂ, ನಿಮಗೊಂದು ಮಾತು. ನಿಮಗೆ ಬಾಗಿಲು ಮುಚ್ಚಿರುವುದು ಇಂಗ್ಲಿಷ್ ಭಾಷೆಯ ಟೀಚರ್ ಅನ್ನುವ ಸಾಲಿನಲ್ಲಿ. ಇಂಗ್ಲಿಷ್‌ನಲ್ಲಿ ಬೇರೆ ವಿಷಯ ಕಲಿಸುವ ಸ್ಕೂಲುಗಳಲ್ಲಿ ನಿಮ್ಮ ಬಿ.ಎಡ್. ಮತ್ತು 11 ವರ್ಷಕ್ಕೆ ಬೆಲೆ ಇದೆ. ಬಿ.ಎ.ಯಲ್ಲಿ ಇಂಗ್ಲಿಷ್ ಜೊತೆ ಇತಿಹಾಸವೋ ಸಮಾಜಶಾಸ್ತ್ರವೋ ಓದಿದ್ದೀರಾ?

ಹುಣಸೂರಿನವಳು

ಇತಿಹಾಸ ಓದಿದ್ದೇನೆ ಸರ್. 8 ಮತ್ತು 9ನೇ ಕ್ಲಾಸಿಗೆ ಸಮಾಜ ವಿಜ್ಞಾನವನ್ನೂ ಮಾಡುತ್ತಿದ್ದೆ. ಅಂಕಪಟ್ಟಿಗಳು ಹುಣಸೂರಿನಲ್ಲಿ ಅಮ್ಮನ ಬೀರುವಿನಲ್ಲಿವೆ. ಇವತ್ತೇ ತಮ್ಮನಿಗೆ ಫೋನ್ ಮಾಡುತ್ತೇನೆ.

ತಿಪಟೂರಮ್ಮ ಅವರೇ, ಮಗಳ ಹತ್ತಿರ ನನ್ನ ನಂಬರ್ ಇರಲಿ, ವೇದಿಕೆಯ ಸಂದೇಶದಲ್ಲಿ ಕಳಿಸುತ್ತೇನೆ. ಮೊದಲ ಕ್ಲಾಸಿಗೆ ಮುಂಚೆ ಒಂದು ಸಲ ಫೋನ್ ಮಾಡಲಿ. 'ತಾ' ವಿಷಯಕ್ಕೆ ನಾನು ಮಾಡಿಕೊಂಡ ಒಂದು ಆಟ ಇದೆ, ಮನೆಯವರ ಫೋಟೋ ಇಟ್ಟುಕೊಂಡು ಆಡುವುದು. ದೊಡ್ಡ ಹುಡುಗರಿಗೂ ಆಗುತ್ತದೆ. ಅದನ್ನು ಹೇಳಿಕೊಡುತ್ತೇನೆ.

ಲಾನ್‌ಝೌ ನೆನಪು

ಚೆಂಗ್ಡುವೇ ಆದರೆ ದಪ್ಪ ಸ್ವೆಟರ್ ಕಟ್ಟಿ ಕಳಿಸಿ ಅಮ್ಮ. ಉತ್ತರದ ಊರುಗಳ ಥರ ಅಲ್ಲಿ ಸರ್ಕಾರದ ಹೀಟಿಂಗ್ ಇರುವುದಿಲ್ಲ. ಜನವರಿಯಲ್ಲಿ ಕ್ಲಾಸಿನ ಒಳಗೂ ಕೋಟು ಹಾಕಿಕೊಂಡೇ ಪಾಠ ಮಾಡುತ್ತಾರೆ.